ಮಾರುವ ಹಕ್ಕು ಯಾರಿಗೆ ಕೊಟ್ಟಿದ್ದೀರಿ?

ಕೊಪ್ಪಳದಲ್ಲಾಗಲಿ ಗಂಗಾವತಿಯಲ್ಲಾಗಲಿ ಹೊರಡುವ ಯಾವ ಸಣ್ಣ ಪತ್ರಿಕೆಯನ್ನೇ ತೆಗೆದುಕೊಳ್ಳಿ, ಅದರ ಪುಟಗಳಲ್ಲೊಂದರ ಬುಡದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಎಂದು ಹೇಳುವ ಸಾಲು ಅದು. ಓದುಗರು ಅದರ ಮೇಲೆ ಕಣ್ಣು ಹಾಯಿಸುವುದು ಅಪರೂಪ. ಸಂಪಾದಕರು ಮಾತ್ರ ಅದನ್ನು ಲಘುವಾಗಿ ಕಾಣುವುದಿಲ್ಲ. 1867ರ ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆಯ ಕಾಲದಿಂದ ಆ ಸಾಲಿಗೆ ಕಾನೂನಿನ ತೂಕವಿದೆ. ಆ ಕಾಯ್ದೆಯ ಜಾಗಕ್ಕೆ ಬಂದ 2023ರ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಾಗಿದ್ದರೂ, ಅಚ್ಚಾದದ್ದಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಹಳತಾಗಿಲ್ಲ. ಪುಟ ಕಟ್ಟುವ ಡಿಟಿಪಿ ಹುಡುಗನಿಗೆ ‘ಅಲ್ಲಿ ಏನೋ ಒಂದು ಹಾಕಪ್ಪ’ ಎಂದು ಹೇಳುವ ಸಂಪಾದಕರು ಸಿಗಲಾರರು. ಆದರೆ ಸುದ್ದಿಗಾಗಿ ವೆಬ್‌ಸೈಟ್ ತೆರೆದ ಮೇಲೆ, ಅಷ್ಟೇ ತೂಕದ ಇನ್ನೊಂದು ಬರಹವನ್ನು ಇದೇ ಜನ ಕಣ್ಣು ಮುಚ್ಚಿ ಬೇರೆಯವರ ಕೈಗೆ ಕೊಟ್ಟುಬಿಡುತ್ತಾರೆ. ನಮ್ಮ ತಾಣದ ಜಾಹೀರಾತು ಜಾಗವನ್ನು ಮಾರುವ ಹಕ್ಕು ಯಾರಿಗಿದೆ ಎಂದು ಲೋಕಕ್ಕೆ ಸಾರುವ ಕಡತ ಅದು. ‘ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ’ ಎಂಬುದು ಅದರ ಹೆಸರು. ‘ಅದು ಟೆಕ್ನಿಕಲ್ ವಿಷಯ, ವೆಬ್‌ಸೈಟ್ ಮಾಡಿಕೊಟ್ಟವರು ನೋಡಿಕೊಳ್ಳುತ್ತಾರೆ’ ಎಂಬ ಮಾತು ಈಗ ಎಲ್ಲೆಲ್ಲೂ ಒಪ್ಪಿತವಾಗಿದೆ. ಈ ಮಾತು ತಪ್ಪು. ಆ ಕಡತದಲ್ಲಿ ಕಾಣುವ ದೋಷಗಳಲ್ಲಿ ಬಹುಪಾಲು ಹುಟ್ಟುವುದೇ ಈ ಮಾತಿನಿಂದ ಎಂಬುದು ನನ್ನ ವಾದ.

ಕಡತ ಏನೆಂದು ಮೊದಲು ನೋಡೋಣ. ಅಂತರ್ಜಾಲ ಜಾಹೀರಾತಿನ ಮಾನದಂಡಗಳನ್ನು ರೂಪಿಸುವ ಐಎಬಿ ಟೆಕ್ ಲ್ಯಾಬ್ ಎಂಬ ಸಂಸ್ಥೆ 2017ರಲ್ಲಿ ಇದನ್ನು ಹೊರತಂದಿತು. ತಾಣದ ಮೂಲ ವಿಳಾಸದ ಬೆನ್ನಿಗೇ, ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಠ್ಯವಾಗಿ ಇದು ಇರಬೇಕು. ಒಂದೊಂದು ಸಾಲಿನಲ್ಲಿ ಮೂರು ಅಥವಾ ನಾಲ್ಕು ಅಂಶ, ನಡುವೆ ಅಲ್ಪವಿರಾಮ. ಮೊದಲನೆಯದು ಜಾಹೀರಾತು ಮಾರುವ ವ್ಯವಸ್ಥೆಯ ಡೊಮೇನ್ ಹೆಸರು. ಎರಡನೆಯದು ಆ ವ್ಯವಸ್ಥೆಯಲ್ಲಿರುವ ಖಾತೆಯ ಸಂಖ್ಯೆ. ಮೂರನೆಯದು ‘ಡೈರೆಕ್ಟ್’ ಇಲ್ಲವೇ ‘ರಿಸೆಲ್ಲರ್’ ಎಂಬ ಪದ. ಖಾತೆ ತಾಣದವರ ಹಿಡಿತದಲ್ಲೇ ಇದೆಯೋ, ಅವರ ಪರವಾಗಿ ಇನ್ನೊಬ್ಬರು ಮಾರುತ್ತಿದ್ದಾರೋ ಎಂಬುದನ್ನು ಅದು ಹೇಳುತ್ತದೆ. ನಾಲ್ಕನೆಯದು ಆ ವ್ಯವಸ್ಥೆಯ ಪ್ರಮಾಣೀಕರಣ ಸಂಖ್ಯೆ, ಅದು ಐಚ್ಛಿಕ. ಇಷ್ಟೇ. ಇದರಲ್ಲಿ ಕೋಡ್ ಬರೆಯುವ ಕೆಲಸ ಎಳ್ಳಷ್ಟೂ ಇಲ್ಲ. ಇಂಥವರಿಗೆ ನನ್ನ ಮಾಲು ಮಾರುವ ಅಧಿಕಾರ ಕೊಟ್ಟಿದ್ದೇನೆ ಎಂದು ಊರ ಮುಂದೆ ಅಂಟಿಸಿದ ಪತ್ರ ಇದು. ಪತ್ರವನ್ನು ಯಾರ ಕೈಯಿಂದಲಾದರೂ ಬರೆಸಬಹುದು, ಆದರೆ ಅದರಲ್ಲಿರುವ ಮಾತು ಮಾಲಿನ ಒಡೆಯನದು. ಹಾಗಾಗಿ ಇದನ್ನು ಅಧಿಕಾರ ಪಟ್ಟಿ ಎಂದೇ ಕರೆಯುತ್ತೇನೆ.

ಇಂಥ ಪಟ್ಟಿ ಬೇಕಾದದ್ದು ಹೆಸರಿನ ಕಳವು ನಡೆದದ್ದರಿಂದ. ಗಂಗಾವತಿಯ ಸೋನಾಮಸೂರಿಗೆ ಹೆಸರಿದೆ ಎಂದಾದ ಮೇಲೆ ಎಲ್ಲಿಯದೋ ಅಕ್ಕಿಯ ಚೀಲದ ಮೇಲೆ ‘ಗಂಗಾವತಿ’ ಎಂದು ಅಚ್ಚು ಹಾಕುವುದು ಎಷ್ಟು ಸುಲಭವೋ, ಜಾಹೀರಾತಿನ ಹರಾಜು ಕಟ್ಟೆಯಲ್ಲಿ ಒಂದು ನಕಲಿ ತಾಣ ತನ್ನನ್ನು ಹೆಸರಾಂತ ಪತ್ರಿಕೆ ಎಂದು ಹೇಳಿಕೊಳ್ಳುವುದೂ ಅಷ್ಟೇ ಸುಲಭವಾಗಿತ್ತು. ಕೊಳ್ಳುವವರು ತಾಣವನ್ನು ಕಣ್ಣಾರೆ ನೋಡಿ ಕೊಳ್ಳುವುದಿಲ್ಲ. ಯಂತ್ರ ಹೇಳಿದ ಹೆಸರನ್ನು ನಂಬಿ ಸೆಕೆಂಡಿನ ಒಂದು ಭಾಗದಲ್ಲಿ ಬೆಲೆ ಕೂಗುತ್ತಾರೆ. 2016ರ ಡಿಸೆಂಬರಿನಲ್ಲಿ ಬಯಲಾದ ‘ಮೆಥ್‌ಬಾಟ್’ ವಂಚನೆಯಲ್ಲಿ 6,000ಕ್ಕೂ ಹೆಚ್ಚು ಡೊಮೇನ್‌ಗಳ ಹೆಸರನ್ನು ಹೀಗೆ ಕದ್ದು ಬಳಸಲಾಗಿತ್ತು. 2017ರಲ್ಲಿ ಲಂಡನ್ನಿನ ‘ಫೈನಾನ್ಷಿಯಲ್ ಟೈಮ್ಸ್’ ಪತ್ರಿಕೆ ತನ್ನ ಹೆಸರಿನಲ್ಲಿ ಏನೇನು ಮಾರಾಟವಾಗುತ್ತಿದೆ ಎಂದು ಹುಡುಕಿತು. 10 ವಿನಿಮಯ ಕೇಂದ್ರಗಳಲ್ಲಿ ಅದರ ಹೆಸರಿನ ನಕಲಿ ಜಾಗ ಬಿಕರಿಯಾಗುತ್ತಿತ್ತು. ವಿಡಿಯೊ ಜಾಹೀರಾತನ್ನು ಆ ಪತ್ರಿಕೆ ಅಂಥ ಹರಾಜಿಗೆ ಇಟ್ಟೇ ಇರಲಿಲ್ಲ; ಆದರೂ 15 ಕೇಂದ್ರಗಳಲ್ಲಿ ಅದರ ಹೆಸರಿನ ವಿಡಿಯೊ ಜಾಗ ಮಾರಾಟಕ್ಕಿತ್ತು. ತಿಂಗಳಿಗೆ ಸುಮಾರು 10 ಲಕ್ಷ ಪೌಂಡ್ ಬೆಲೆಯ ಕಳವು ಇದು ಎಂದು ಪತ್ರಿಕೆಯೇ ಅಂದಾಜು ಮಾಡಿತು. ಇದಕ್ಕೆ ಮದ್ದು ನಮ್ಮ ನೆಲದವರಿಗೆ ಅಪರಿಚಿತವಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆ ಕಾನೂನಿನಲ್ಲೂ ಹೆಸರನ್ನು ನೋಂದಾಯಿಸಿದರೆ ಕೆಲಸ ಮುಗಿಯುವುದಿಲ್ಲ. ಆ ಹೆಸರನ್ನು ಬಳಸಲು ಹಕ್ಕುಳ್ಳ ಅಧಿಕೃತ ಬಳಕೆದಾರರಿಗೇ ಪ್ರತ್ಯೇಕ ನೋಂದಣಿ ಇದೆ. ಹೆಸರು ಉಳಿಯಬೇಕಾದರೆ ಅದನ್ನು ಹಿಡಿದು ಮಾರುವವರ ಪಟ್ಟಿ ಬೇಕು ಎಂಬ ತಿಳಿವಳಿಕೆಯೇ ಎರಡೂ ಕಡೆ ಕೆಲಸ ಮಾಡಿದೆ.

ಈಗ ಪ್ರಚಲಿತ ನಿಲುವಿನ ಮೊದಲ ಆಧಾರಕ್ಕೆ ಬರೋಣ. ‘ಒಂದಕ್ಷರ ಹೆಚ್ಚುಕಡಿಮೆಯಾದರೆ ಏನು ಮಹಾ, ಕಡತ ಇದ್ದರೆ ಸಾಕಲ್ಲ’ ಎನ್ನುತ್ತಾರೆ. ಈ ವ್ಯವಸ್ಥೆಯ ತರ್ಕ ಇದಕ್ಕೆ ತೀರಾ ವಿರುದ್ಧವಾಗಿದೆ. ಪಟ್ಟಿಯೇ ಇಲ್ಲದಿದ್ದರೆ ಕೊಳ್ಳುವ ಯಂತ್ರ ‘ಇವರು ಏನನ್ನೂ ಘೋಷಿಸಿಲ್ಲ’ ಎಂದಷ್ಟೇ ತಿಳಿದುಕೊಳ್ಳುತ್ತದೆ. ಯಾರನ್ನೂ ಅನಧಿಕೃತರೆಂದು ಹೊರಗಿಡಲು ಅದಕ್ಕೆ ಆಧಾರ ಸಿಗುವುದಿಲ್ಲ. ಪಟ್ಟಿ ಇದ್ದು, ಅದರಲ್ಲಿ ಒಂದೇ ಒಂದು ಸಾಲು ಕ್ರಮಬದ್ಧವಾಗಿದ್ದರೂ ಸಾಕು, ಅದರಲ್ಲಿ ಹೆಸರಿಲ್ಲದವರೆಲ್ಲ ಅನಧಿಕೃತರಾಗುತ್ತಾರೆ. ಹೀಗಿರುವಾಗ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ, ನಿಮ್ಮ ತಾಣದಲ್ಲಿ ಮಾರುವ ಹಕ್ಕನ್ನು ನಿಮಗೆ ಗೊತ್ತೇ ಇಲ್ಲದ ಒಂದು ಸಂಖ್ಯೆಗೆ ಕೊಟ್ಟು, ನಿಮ್ಮ ಖಾತೆಯನ್ನು ನೀವೇ ಹೊರಗೆ ನಿಲ್ಲಿಸಿದಂತಾಗುತ್ತದೆ. ತಪ್ಪು ಪಟ್ಟಿ, ಪಟ್ಟಿ ಇಲ್ಲದ ಸ್ಥಿತಿಗಿಂತ ಕೆಟ್ಟದ್ದು ಎಂಬ ಈ ಒಂದು ಸಂಗತಿಯೇ ‘ಇದ್ದರೆ ಸಾಕು’ ಎಂಬ ವಾದವನ್ನು ಉರುಳಿಸುತ್ತದೆ. ಯಲಬುರ್ಗಾದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಹಣಿಯಲ್ಲೊಂದು ಹೆಸರು, ಆಧಾರ್‌ನಲ್ಲೊಂದು ಹೆಸರು ಇದ್ದರೆ ಹೊಲ ತನ್ನದೇ ಆಗಿದ್ದರೂ ಬ್ಯಾಂಕಿನ ಕಟ್ಟೆಯಲ್ಲಿ ಎಷ್ಟು ಅಲೆಯಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತು. ಅಲ್ಲಿ ತಹಶೀಲ್ದಾರರ ಮುಂದೆ ನಿಂತು ಹೇಳಿಕೊಳ್ಳುವ ಅವಕಾಶವಾದರೂ ಇದೆ. ಯಂತ್ರದ ಮುಂದೆ ಆ ಅವಕಾಶವೂ ಇಲ್ಲ.

ತಪ್ಪುಗಳ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಅವು ಹುಟ್ಟುವ ಜಾಗ ಕಾಣುತ್ತದೆ. ಗೂಗಲ್‌ನ ಆ್ಯಡ್‌ಸೆನ್ಸ್ ಬಳಸುವವರ ಖಾತೆ ಸಂಖ್ಯೆ ಪುಟದೊಳಗಿನ ಜಾಹೀರಾತು ಕೋಡ್‌ನಲ್ಲಿ ‘ಸಿಎ-ಪಬ್’ ಎಂದು ಶುರುವಾಗುತ್ತದೆ, ಅಧಿಕಾರ ಪಟ್ಟಿಯಲ್ಲಿ ಅದು ಬರೀ ‘ಪಬ್’ ಎಂದು ಇರಬೇಕು. ಕೋಡ್‌ನಿಂದ ನಕಲು ಮಾಡಿ ಅಂಟಿಸಿದವರು ಈ ವ್ಯತ್ಯಾಸ ಗಮನಿಸುವುದಿಲ್ಲ. ಕನ್ನಡದ ಕೀಲಿಮಣೆಯಲ್ಲೇ ಸಂಖ್ಯೆ ಒತ್ತಿದರೆ ಕೆಲವು ವಿನ್ಯಾಸಗಳಲ್ಲಿ ಕನ್ನಡದ ಅಂಕಿ ಮೂಡುತ್ತದೆ. ನಮ್ಮ ಕಣ್ಣಿಗೆ ಅದು ಸರಿ, ಯಂತ್ರಕ್ಕೆ ಅದು ಸಂಖ್ಯೆಯಲ್ಲ. ಕನ್ನಡದ ಒತ್ತಕ್ಷರವನ್ನು ತಡೆಯಲು ಬಳಸುವ, ಕಣ್ಣಿಗೆ ಕಾಣದ ಅಗೋಚರ ಅಕ್ಷರವೊಂದು ಸಾಲಿನ ನಡುವೆ ಸೇರಿಕೊಂಡರೆ ಎಷ್ಟು ಸಲ ಓದಿದರೂ ತಪ್ಪು ಸಿಗುವುದಿಲ್ಲ. ವರ್ಡ್ ಕಡತದಲ್ಲಿ ಬರೆದು ಅಂಟಿಸಿದರೆ ನೇರ ಅಡ್ಡಗೆರೆಯ ಜಾಗದಲ್ಲಿ ಉದ್ದದ ಗೆರೆ ಬಂದು ಕೂರುತ್ತದೆ, ಉದ್ಧರಣ ಚಿಹ್ನೆಗಳು ಸೇರಿಕೊಳ್ಳುತ್ತವೆ. ಕಡತವನ್ನು ಮೂಲ ವಿಳಾಸದಲ್ಲಿಡದೆ ಒಳಗಿನ ಫೋಲ್ಡರಿನಲ್ಲಿಟ್ಟರೆ ಅದು ಇದ್ದೂ ಇಲ್ಲದಂತೆ. ಇ-ಪೇಪರ್‌ಗೆ ಉಪಡೊಮೇನ್ ಮಾಡಿಕೊಂಡು ಅದಕ್ಕೆ ಬೇರೆ ಪಟ್ಟಿ ಇಟ್ಟವರು, ಆ ಉಪಡೊಮೇನಿನ ಹೆಸರನ್ನು ಮೂಲ ಪಟ್ಟಿಯಲ್ಲಿ ಘೋಷಿಸಲು ಮರೆಯುತ್ತಾರೆ. ಹುಡುಕುಯಂತ್ರಗಳಿಗೆ ತಡೆ ಹಾಕುವ ಇನ್ನೊಂದು ಕಡತ ಈ ಪಟ್ಟಿಯನ್ನೂ ತಡೆದುಬಿಡುವುದುಂಟು. ಹೊಸ ಏಜೆನ್ಸಿಯವರು ತಮ್ಮ ಪಟ್ಟಿ ಏರಿಸುವಾಗ ಹಳೆಯದರ ಮೇಲೇ ಬರೆದು, ತಾಣದವರ ಸ್ವಂತ ಖಾತೆಯ ಸಾಲನ್ನೇ ಅಳಿಸಿಬಿಡುವುದೂ ಉಂಟು. ಇವುಗಳಲ್ಲಿ ಯಾವುದೂ ಕಠಿಣ ತಂತ್ರಜ್ಞಾನದ ಸೋಲಲ್ಲ. ಬರೆದಾದ ಮೇಲೆ, ಆ ಬರಹದಿಂದ ಲಾಭನಷ್ಟ ಅನುಭವಿಸುವ ವ್ಯಕ್ತಿ ಅದನ್ನು ಒಮ್ಮೆ ತೆರೆದು ತನ್ನ ಖಾತೆಯ ಸಂಖ್ಯೆಯೊಂದಿಗೆ ತಾಳೆ ನೋಡದಿರುವುದರಿಂದ ಉಳಿದುಕೊಂಡ ತಪ್ಪುಗಳು.

ಉಳಿದುಕೊಳ್ಳಲು ಇನ್ನೊಂದು ಕಾರಣವೂ ಇದೆ. ಈ ತಪ್ಪು ಸದ್ದು ಮಾಡುವುದಿಲ್ಲ. ಪತ್ರಿಕೆಯಲ್ಲಿ ಹೆಸರು ತಪ್ಪಿ ಅಚ್ಚಾದರೆ ಬೆಳಗಾಗುವುದರೊಳಗೆ ಫೋನ್ ಬರುತ್ತದೆ. ಪಟ್ಟಿ ತಪ್ಪಿದರೆ ತಾಣ ಎಂದಿನಂತೆ ತೆರೆಯುತ್ತದೆ, ಸುದ್ದಿ ಎಂದಿನಂತೆ ಓದಿಸಿಕೊಳ್ಳುತ್ತದೆ, ಹಣ ಮಾತ್ರ ಕಡಿಮೆಯಾಗುತ್ತದೆ. ಆ್ಯಡ್‌ಸೆನ್ಸ್ ಖಾತೆಯೊಳಗೆ ‘ಗಳಿಕೆ ಅಪಾಯದಲ್ಲಿದೆ’ ಎಂಬ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ ನಿಜ. ಆದರೆ ಆ ಖಾತೆಯ ಪಾಸ್‌ವರ್ಡೂ ವೆಬ್‌ಸೈಟ್ ಮಾಡಿಕೊಟ್ಟವರ ಬಳಿಯೇ ಇದ್ದರೆ ಅದನ್ನು ಓದುವವರು ಯಾರು? ಹಣ ಬಾರದಿದ್ದಾಗ ಒಡೆಯರು ಬೇರೆ ಕಾರಣ ಹುಡುಕುತ್ತಾರೆ. ಕನ್ನಡಕ್ಕೆ ದರವಿಲ್ಲ, ಹಿಂದುಳಿದ ಜಿಲ್ಲೆಯ ಸುದ್ದಿಗೆ ಬೆಲೆಯಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇಂಗ್ಲಿಷಿಗಿಂತ ಕನ್ನಡದ ಜಾಹೀರಾತಿಗೆ ಸಿಗುವ ಬೆಲೆ ಕಡಿಮೆ ಎಂಬುದರಲ್ಲಿ ಹುರುಳಿದೆ. ಆದರೆ ಭಾಷೆಯ ಕಾರಣಕ್ಕೆ ಎಷ್ಟು ಹೋಯಿತು, ಪಟ್ಟಿಯ ತಪ್ಪಿಗೆ ಎಷ್ಟು ಹೋಯಿತು ಎಂದು ಬಿಡಿಸಿ ಹೇಳಬೇಕಾದರೆ ಮೊದಲು ಪಟ್ಟಿ ಸರಿಯಿರಬೇಕು. ತಕ್ಕಡಿಯನ್ನೇ ನೋಡಿಕೊಳ್ಳದವನು ಬೆಳೆ ಕಡಿಮೆ ಬಂತೆಂದು ನೆಲವನ್ನು ದೂರುವಂತಿಲ್ಲ.

ಎರಡನೆಯ ಆಧಾರ ಇನ್ನೂ ಅಪಾಯದ್ದು: ‘ಸಾಲು ಹೆಚ್ಚಿದಷ್ಟೂ ಗಿರಾಕಿ ಹೆಚ್ಚು.’ ಏಜೆನ್ಸಿಯೊಂದು ನೂರಾರು ಸಾಲುಗಳ ಪಟ್ಟಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತದೆ, ಅಂಟಿಸಿಬಿಡಿ ಎನ್ನುತ್ತದೆ, ಅಂಟಿಸಲಾಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ‘ರಿಸೆಲ್ಲರ್’ ಸಾಲುಗಳಾಗಿದ್ದರೂ ಯಾರೂ ಕೇಳುವುದಿಲ್ಲ. ಎಪಿಎಂಸಿ ಪ್ರಾಂಗಣದ ರೂಢಿಗೆ ಇದನ್ನು ಹೋಲಿಸಿ ನೋಡಿ. ಗಂಗಾವತಿ, ಕಾರಟಗಿಯ ರೈತ ಭತ್ತ ತಂದಾಗ ಅದನ್ನು ಇಳಿಸುವುದು ತನಗೆ ಪರಿಚಯವಿರುವ, ಲೈಸೆನ್ಸ್ ಇರುವ ದಲಾಲಿ ಅಂಗಡಿಯಲ್ಲಿ. ಪ್ರಾಂಗಣದಲ್ಲಿರುವ ಪ್ರತಿಯೊಬ್ಬರಿಗೂ ‘ನನ್ನ ಮಾಲನ್ನು ನೀನೂ ಮಾರು’ ಎಂದು ಚೀಟಿ ಬರೆದುಕೊಟ್ಟರೆ ಗಿರಾಕಿ ಹೆಚ್ಚುವುದಿಲ್ಲ. ಯಾರ ಅಂಗಡಿಯ ಲೆಕ್ಕ ಯಾರ ಅಂಗಡಿಗೆ ಸೇರಿತು ಎಂಬುದೇ ತಿಳಿಯದಾಗುತ್ತದೆ. ಇದಕ್ಕೆ ಪುರಾವೆಯಿದೆ. ಬ್ರಿಟನ್ನಿನ ಜಾಹೀರಾತುದಾರರ ಸಂಘ ಐಎಸ್‌ಬಿಎ ಮತ್ತು ಪಿಡಬ್ಲ್ಯುಸಿ 2020ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಜಾಹೀರಾತುದಾರರು ಕೊಟ್ಟ ಹಣದಲ್ಲಿ ಪ್ರಕಾಶಕರ ಕೈಸೇರಿದ್ದು ಶೇ. 51, ಶೇ. 15ರಷ್ಟು ಎಲ್ಲಿಗೆ ಹೋಯಿತೆಂದು ಲೆಕ್ಕವೇ ಸಿಗಲಿಲ್ಲ. ಅಮೆರಿಕದ ಜಾಹೀರಾತುದಾರರ ಸಂಘ ಎಎನ್‌ಎ 2023ರಲ್ಲಿ ನಡೆಸಿದ ಅಧ್ಯಯನದಲ್ಲಿ, ಒಂದು ಪ್ರಚಾರದ ಜಾಹೀರಾತು ಸರಾಸರಿ 44,000 ತಾಣಗಳಲ್ಲಿ ಹರಡಿಕೊಂಡಿತ್ತು. ಡಾಲರಿಗೆ 36 ಸೆಂಟ್ ಮಾತ್ರ ಪ್ರಯೋಜನಕರವಾಗಿ ಗ್ರಾಹಕರನ್ನು ತಲುಪುತ್ತಿತ್ತು. ನಡುವಿನವರು ಹೆಚ್ಚಾದಷ್ಟೂ ಬೆಳೆದವನ ಪಾಲು ಕರಗುತ್ತದೆ ಎಂಬುದು ಮಾರುಕಟ್ಟೆಯ ಹಳೆಯ ನಿಯಮ. ತೆರೆಯ ಮೇಲೂ ಅದು ಬದಲಾಗಿಲ್ಲ.

ಹಣ ಸೋರುವುದಷ್ಟೇ ಆಗಿದ್ದರೆ ಅದು ಅವರವರ ನಷ್ಟ ಎನ್ನಬಹುದಿತ್ತು. ಉದ್ದದ ಪಟ್ಟಿ ಕಳ್ಳನಿಗೆ ಬಾಗಿಲು ತೆರೆಯುತ್ತದೆ. 2020ರ ಫೆಬ್ರುವರಿಯಲ್ಲಿ ಇಂಟಿಗ್ರಲ್ ಆ್ಯಡ್ ಸೈನ್ಸ್ ಸಂಸ್ಥೆ ‘404ಬಾಟ್’ ಎಂಬ ವಂಚನೆಯನ್ನು ಬಯಲು ಮಾಡಿತು. ಅಸ್ತಿತ್ವದಲ್ಲೇ ಇಲ್ಲದ ಪುಟಗಳ ವಿಳಾಸ ಸೃಷ್ಟಿಸಿ, ಅವು ನಿಜವಾದ ಪ್ರಕಾಶಕರ ಪುಟಗಳೆಂದು ತೋರಿಸಿ ಜಾಹೀರಾತು ಮಾರುವುದು ಅದರ ವಿಧಾನ. ಅದಕ್ಕೆ ಬಲಿಯಾದದ್ದು, ಉದ್ದುದ್ದ ಅಧಿಕಾರ ಪಟ್ಟಿ ಇಟ್ಟುಕೊಂಡು ಅದನ್ನು ಪರಿಶೀಲಿಸದೆ ಬಿಟ್ಟಿದ್ದ ತಾಣಗಳು. ಕನಿಷ್ಠ 1.5 ಕೋಟಿ ಡಾಲರ್ ಹೀಗೆ ಹೋಗಿತ್ತೆಂದು ಆ ಸಂಸ್ಥೆ ಅಂದಾಜಿಸಿತು. ಕಳ್ಳ ಬೀಗ ಒಡೆಯಲಿಲ್ಲ. ಮನೆಯವರೇ ಹಂಚಿದ ಕೀಲಿಗಳಲ್ಲಿ ಒಂದನ್ನು ಬಳಸಿದ. ಏಜೆನ್ಸಿಯ ಜೊತೆಗಿನ ಒಪ್ಪಂದ ಮುಗಿದು ವರ್ಷಗಳಾದರೂ ಅದರ ಸಾಲುಗಳನ್ನು ಪಟ್ಟಿಯಲ್ಲಿ ಹಾಗೇ ಬಿಟ್ಟವರು ಇದನ್ನು ಗಂಭೀರವಾಗಿ ಯೋಚಿಸಬೇಕು. ಆ ಖಾತೆ ಈಗ ಯಾರ ಕೈಯಲ್ಲಿದ್ದರೂ ನಿಮ್ಮ ಹೆಸರಿನಲ್ಲಿ ಮಾರುವ ಅಧಿಕಾರ ಅವರಿಗಿದೆ, ಕೊಟ್ಟವರು ನೀವು.

ಇದರ ಜೊತೆಗೆ ಸೇರಿಕೊಂಡಿರುವ ಒಂದು ಸುಳ್ಳನ್ನೂ ಹೆಸರಿಟ್ಟು ಕರೆಯಬೇಕು. ಖಾತೆ ಏಜೆನ್ಸಿಯದು, ಹಣ ಮೊದಲು ಬರುವುದು ಏಜೆನ್ಸಿಗೆ, ಆದರೂ ಆ ಸಾಲಿನಲ್ಲಿ ‘ಡೈರೆಕ್ಟ್’ ಎಂದು ಬರೆಯಿಸಲಾಗುತ್ತದೆ, ಹಾಗೆ ಬರೆದರೆ ಕೊಳ್ಳುವವರು ಹೆಚ್ಚು ಬೆಲೆ ಕೊಡುತ್ತಾರೆಂಬ ಕಾರಣಕ್ಕೆ. ಇದನ್ನು ‘ಎಲ್ಲರೂ ಮಾಡುತ್ತಾರೆ’ ಎಂದು ಸಮರ್ಥಿಸಿಕೊಳ್ಳುವುದೂ ಇದೆ. ಮಾನದಂಡ ಸ್ಪಷ್ಟವಾಗಿದೆ: ಖಾತೆ ಪ್ರಕಾಶಕರ ನೇರ ಹಿಡಿತದಲ್ಲಿದ್ದರೆ ಮಾತ್ರ ಆ ಪದ. ಮಾರಾಟ ವ್ಯವಸ್ಥೆಗಳು ತಮ್ಮಲ್ಲಿ ಯಾವ ಖಾತೆ ಪ್ರಕಾಶಕರದು, ಯಾವುದು ಮಧ್ಯವರ್ತಿಯದು ಎಂದು ಪ್ರಕಟಿಸುವ ‘ಸೆಲ್ಲರ್ಸ್ ಡಾಟ್ ಜೇಸನ್’ ಎಂಬ ಪಟ್ಟಿ 2019ರಿಂದ ಬಳಕೆಗೆ ಬಂದಿದೆ. ಎರಡನ್ನೂ ಎದುರುಬದುರು ಇಟ್ಟರೆ ಸುಳ್ಳು ಸಿಕ್ಕಿಬೀಳುತ್ತದೆ. 2022ರ ಪರಿಷ್ಕರಣೆಯಲ್ಲಿ ತಾಣದ ಒಡೆಯರ ಡೊಮೇನ್ ಯಾವುದು, ಮಾರಾಟ ನಿರ್ವಹಿಸುವವರ ಡೊಮೇನ್ ಯಾವುದು ಎಂದು ಬೇರೆ ಬೇರೆಯಾಗಿ ಹೇಳಲು ಸಾಲುಗಳನ್ನು ಸೇರಿಸಲಾಯಿತು. ಅಂದರೆ ಏಜೆನ್ಸಿಯ ಮೂಲಕ ಮಾರುವುದು ಅವಮಾನವಲ್ಲ, ಅದನ್ನು ಹೇಳಿಕೊಳ್ಳಲು ಮರ್ಯಾದೆಯ ದಾರಿಯೇ ಇದೆ. ಊರಿನ ಅಕ್ರಮವನ್ನು ಬರೆಯುವ ಪತ್ರಿಕೆ ತನ್ನದೇ ಘೋಷಣೆಯಲ್ಲಿ ಸುಳ್ಳು ಬರೆದಿದ್ದರೆ ಅದರ ಬರಹಕ್ಕೆ ಬಲ ಎಲ್ಲಿಂದ ಬರಬೇಕು?

ಎದುರು ವಾದಗಳಿಗೆ ಉತ್ತರಿಸದೆ ಮುಂದೆ ಹೋಗುವುದು ಸರಿಯಲ್ಲ. ಮೊದಲ ಆಕ್ಷೇಪ, ನಮ್ಮ ಜಿಲ್ಲೆಯ ತಾಣಗಳು ಬದುಕುವುದು ಗೂಗಲ್ ಹಣದಿಂದಲ್ಲ, ಹುಟ್ಟುಹಬ್ಬದ ಶುಭಾಶಯ, ಬಟ್ಟೆ ಅಂಗಡಿ, ಕೋಚಿಂಗ್ ಕೇಂದ್ರ, ಸರ್ಕಾರಿ ಪ್ರಕಟಣೆಗಳಿಂದ ಎಂಬುದು. ಇದರಲ್ಲಿ ಸತ್ಯವಿದೆ. ಅಂಗಡಿಯವರಿಂದ ನೇರವಾಗಿ ತೆಗೆದುಕೊಂಡು ಹಾಕಿದ ಜಾಹೀರಾತಿಗೆ ಈ ಪಟ್ಟಿ ಬೇಕಿಲ್ಲ. ಹರಾಜಿಗೆ ಜಾಗ ಇಡುವುದೇ ಇಲ್ಲ ಎನ್ನುವವರು ಅದನ್ನೇ ಘೋಷಿಸಲಿ. ‘ಯಾರಿಗೂ ಅಧಿಕಾರ ಕೊಟ್ಟಿಲ್ಲ’ ಎಂದು ಹೇಳಲು ಮಾನದಂಡದಲ್ಲಿ ಗೊತ್ತುಪಡಿಸಿದ ಒಂದು ಸಾಲಿದೆ. ಮಾರದವರ ಹೆಸರಿನಲ್ಲೂ ಮಾಲು ಬಿಕರಿಯಾಗುತ್ತದೆ ಎಂಬುದಕ್ಕೆ ಲಂಡನ್ ಪತ್ರಿಕೆಯ ವಿಡಿಯೊ ಪ್ರಕರಣವೇ ಸಾಕ್ಷಿ. ಇನ್ನು ಸ್ವಲ್ಪವಾದರೂ ಮಾರುವವರ ಮಾತು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಕೊಪ್ಪಳಕ್ಕೆ ಬರುತ್ತಾರೆ. ಬರಲಾಗದ ಲಕ್ಷಾಂತರ ಜನ ಫೋನಿನಲ್ಲಿ ರಥೋತ್ಸವ ನೋಡುತ್ತಾರೆ, ದಾಸೋಹದ ಸುದ್ದಿ ಓದುತ್ತಾರೆ. ಹನುಮ ಮಾಲೆಯ ದಿನಗಳಲ್ಲಿ ಅಂಜನಾದ್ರಿಯ ಸುದ್ದಿಗೂ ಅಂಥದೇ ಬೇಡಿಕೆ. ಸಣ್ಣ ತಾಣವೊಂದಕ್ಕೆ ವರ್ಷದ ಗಳಿಕೆ ಕೂಡಿಬರುವುದು ಇಂಥ ನಾಲ್ಕು ದಿನಗಳಲ್ಲಿ. ಪಟ್ಟಿ ತಿದ್ದಿದರೆ ಆ ಬದಲಾವಣೆ ಗಮನಕ್ಕೆ ಬರಲು ಕೆಲವು ದಿನ ಬೇಕು, ಓಡಾಟ ಕಡಿಮೆ ಇರುವ ತಾಣಕ್ಕೆ ಒಂದು ತಿಂಗಳವರೆಗೂ ಹಿಡಿಯಬಹುದು ಎಂದು ಆ್ಯಡ್‌ಸೆನ್ಸ್ ತಾನೇ ಹೇಳುತ್ತದೆ. ತೇರು ಎಳೆಯುವ ದಿನ ತಪ್ಪು ಕಂಡು ಅಂದೇ ತಿದ್ದಿದರೆ ಅದರ ಫಲ ಸಿಗುವುದು ಜನ ಊರಿಗೆ ಮರಳಿದ ಮೇಲೆ. ಕಡಿಮೆ ಗಳಿಸುವವನಿಗೇ ಈ ಎಚ್ಚರ ಹೆಚ್ಚು ಬೇಕು. ದೊಡ್ಡ ಪತ್ರಿಕೆ ಒಂದು ತಿಂಗಳ ನಷ್ಟ ತಡೆದೀತು, ಕುಷ್ಟಗಿಯ ತಾಣ ತಡೆಯಲಾರದು.

ಎರಡನೆಯ ಆಕ್ಷೇಪ, ಇಂಗ್ಲಿಷ್ ಮತ್ತು ಕಂಪ್ಯೂಟರ್ ಅಷ್ಟಾಗಿ ಬಾರದ ಸಂಪಾದಕರು ಇದನ್ನು ಓದುವುದಾದರೂ ಹೇಗೆ ಎಂಬುದು. ಕಳಕಳಿಯಿಂದ ಹೇಳಿದ ಮಾತಾದರೂ ಇದು ನಮ್ಮ ಜನರ ಬುದ್ಧಿಯನ್ನು ಕಡಿಮೆ ಅಂದಾಜು ಮಾಡುತ್ತದೆ. ಪಹಣಿಯಲ್ಲಿ ಎಷ್ಟೋ ಕಾಲಂಗಳಿವೆ. ಹೆಚ್ಚು ಓದದ ರೈತನೂ 9ನೇ ಕಾಲಂನಲ್ಲಿ ಹೆಸರು ಯಾರದಿದೆ, 11ನೇ ಕಾಲಂನಲ್ಲಿ ಯಾವ ಬ್ಯಾಂಕಿನ ಬೋಜಾ ಕೂತಿದೆ ಎಂದು ಬೆರಳಿಟ್ಟು ತೋರಿಸುತ್ತಾನೆ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲದಲ್ಲಿ ಬಿತ್ತುವವನು ಬೀಜದ ಚೀಲಕ್ಕೆ ಕಟ್ಟಿದ ಚೀಟಿಯನ್ನು ತಿರುಗಿಸಿ ನೋಡಿಯೇ ಚೀಲ ಬಿಚ್ಚುತ್ತಾನೆ, ಯಾಕೆಂದರೆ ಒಂದು ಹಂಗಾಮು ಹೋದರೆ ಮರಳಿ ಬಾರದು. ತನಗೆ ಬೇಕಾದದ್ದನ್ನು ಓದಲು ಮನುಷ್ಯ ಕಲಿಯುತ್ತಾನೆ. ನಾಲ್ಕು ಅಂಶಗಳ ಒಂದು ಸಾಲನ್ನು ತನ್ನ ಖಾತೆಯಲ್ಲಿ ಕಾಣುವ ಸಂಖ್ಯೆಯ ಜೊತೆ ಹೋಲಿಸಿ ನೋಡುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ. ಕಷ್ಟವೆಂದು ನಂಬಿಸಲಾಗಿದೆ, ಆ ನಂಬಿಕೆಯಿಂದ ಲಾಭವಾಗುವುದು ನಡುವಿನವರಿಗೆ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಪಟ್ಟಿ ಬಂದ ಮೇಲೂ ವಂಚನೆ ನಿಂತಿಲ್ಲವಲ್ಲ, ಹಾಗಾದರೆ ಇದನ್ನು ಯಾಕೆ ಹಚ್ಚಿಕೊಳ್ಳಬೇಕು ಎಂದು ಕೇಳುತ್ತಾರೆ. ಪಟ್ಟಿಗೆ ಮಿತಿಗಳಿವೆ ಎಂಬುದನ್ನು ಒಪ್ಪುತ್ತೇನೆ. ಪುಟ ತೆರೆದದ್ದು ಮನುಷ್ಯನೋ ಯಂತ್ರವೋ ಎಂದು ಅದು ಹೇಳಲಾರದು. ಅಧಿಕಾರ ಪಡೆದವನು ಪ್ರಾಮಾಣಿಕನೇ ಎಂದೂ ಹೇಳಲಾರದು. ಆದರೆ 404ಬಾಟ್ ಪ್ರಕರಣ ತೋರಿಸಿದ್ದೇನು? ಪಟ್ಟಿ ಅಚ್ಚುಕಟ್ಟಾಗಿದ್ದ ಕಡೆ ಕಳ್ಳನಿಗೆ ದಾರಿ ಕಿರಿದಾಯಿತು, ಪಟ್ಟಿ ಅಡ್ಡಾದಿಡ್ಡಿ ಬೆಳೆದಿದ್ದ ಕಡೆ ಅಗಲವಾಯಿತು. ಪಹಣಿ ಇದ್ದ ಮಾತ್ರಕ್ಕೆ ಒತ್ತುವರಿ ನಿಲ್ಲುವುದಿಲ್ಲ. ಒತ್ತುವರಿಯಾದಾಗ ಕೈಯಲ್ಲಿ ಪಹಣಿ ಇಲ್ಲದವನು, ಇದ್ದೂ ಅದರಲ್ಲಿ ಹೆಸರು ತಪ್ಪಾಗಿರುವವನು ಮಾತಾಡಲೂ ಆಗುವುದಿಲ್ಲ. ದಾಖಲೆ ರೋಗಕ್ಕೆ ಪೂರ್ಣ ಔಷಧಿಯಲ್ಲ ಎಂಬುದು ದಾಖಲೆಯನ್ನು ಕೆಡಿಸಿಡಲು ಕಾರಣವಾಗದು.

ನಾಲ್ಕನೆಯದು ಸ್ವಾಭಿಮಾನದ ಪ್ರಶ್ನೆ. ನಿಯಮ ಮಾಡಿದವರು ದೂರದವರು, ಲಾಭದ ಸಿಂಹಪಾಲು ದೈತ್ಯ ಕಂಪನಿಗಳಿಗೆ, ಅವರ ನಿಯಮಕ್ಕೆ ನಾವೇಕೆ ಇಷ್ಟು ತಲೆಬಾಗಬೇಕು? ಈ ಸಿಟ್ಟು ನ್ಯಾಯವಾದದ್ದು. ಭಾರತದ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗವು 2022ರ ಜನವರಿಯಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯವೊಂದು, ಪ್ರಕಾಶಕರು ಜಾಹೀರಾತು ಮಾರಲು ಬಳಸುವ ತಂತ್ರಾಂಶ ಮತ್ತು ವಿನಿಮಯ ಕೇಂದ್ರಗಳ ಮಾರುಕಟ್ಟೆಯಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಸಾಧಿಸಿದೆ ಎಂದು ತೀರ್ಪು ಕೊಟ್ಟಿತು. ಕೊಳ್ಳುವ ತಕ್ಕಡಿ, ಮಾರುವ ತಕ್ಕಡಿ ಎರಡೂ ಒಬ್ಬರ ಕೈಯಲ್ಲಿದ್ದರೆ ಆಗುವ ಅನ್ಯಾಯದ ವಿರುದ್ಧ ಆ ಹೋರಾಟಗಳು ನಡೆಯಲೇಬೇಕು. ಆದರೆ ಆ ದೊಡ್ಡ ವ್ಯವಸ್ಥೆಯಲ್ಲಿ ನಮ್ಮ ಹಿಡಿತಕ್ಕೆ ಸಿಗುವುದು ಏನು? ಹರಾಜಿನ ನಿಯಮ ನಮ್ಮ ಕೈಯಲ್ಲಿಲ್ಲ, ದರ ನಮ್ಮ ಕೈಯಲ್ಲಿಲ್ಲ, ಕಮಿಷನ್ ನಮ್ಮ ಕೈಯಲ್ಲಿಲ್ಲ. ನಮ್ಮದೇ ಡೊಮೇನಿನಲ್ಲಿ, ನಮ್ಮದೇ ಮಾತಾಗಿ ನಿಲ್ಲುವ ಬರಹ ಈ ಪಟ್ಟಿ. ಅಧಿಕಾರ ಕೊಡುವುದೂ ಹಿಂತೆಗೆದುಕೊಳ್ಳುವುದೂ ಇಲ್ಲಿ ನಮಗೇ ಸೇರಿದ್ದು. ಕೈಯಲ್ಲಿರುವ ಹಕ್ಕನ್ನು ತಾತ್ಸಾರದಿಂದ ಬಿಟ್ಟುಕೊಟ್ಟವರ ಸ್ವಾಭಿಮಾನದ ಮಾತಿಗೆ ಬೆಲೆ ಬರುವುದಿಲ್ಲ.

ಹಾಗಾಗಿ ಮಾಡಬೇಕಾದದ್ದು ಸ್ಪಷ್ಟವಿದೆ. ಡೊಮೇನ್ ನೋಂದಣಿ, ಹೋಸ್ಟಿಂಗ್, ಜಾಹೀರಾತು ಖಾತೆ ಮೂರೂ ಒಡೆಯರ ಹೆಸರಿನಲ್ಲಿರಬೇಕು, ಪಾಸ್‌ವರ್ಡ್ ಅವರ ಬಳಿ ಇರಬೇಕು. ಪಟ್ಟಿಯ ಪ್ರತಿ ಸಾಲಿಗೂ ಇವರು ಯಾರು, ಯಾವ ಒಪ್ಪಂದದ ಮೇಲೆ ಸೇರಿಸಿದ್ದು, ಕಳೆದ ತಿಂಗಳು ಇವರಿಂದ ಬಂದದ್ದೆಷ್ಟು ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದಿಡಬೇಕು. ಉತ್ತರ ಸಿಗದ ಸಾಲು ಅಲ್ಲಿರಬಾರದು. ಒಪ್ಪಂದ ಮುಗಿದ ದಿನವೇ ಆ ಸಾಲು ಅಳಿಯಬೇಕು. ಹೊಸ ಸಾಲು ಸೇರಿಸುವಾಗ ಸಾದಾ ಪಠ್ಯದಲ್ಲೇ, ಇಂಗ್ಲಿಷ್ ಕೀಲಿಮಣೆಯಲ್ಲೇ ಬರೆದು, ಏರಿಸಿದ ಮೇಲೆ ಬೇರೆ ಫೋನಿನಿಂದ ವಿಳಾಸ ತೆರೆದು ನೋಡಬೇಕು. ಜಾತ್ರೆ, ಚುನಾವಣೆಯಂಥ ದಿನಗಳಿಗೆ ಎರಡು ತಿಂಗಳು ಮೊದಲೇ ಒಮ್ಮೆ ತಾಳೆ ನೋಡಬೇಕು. ಪತ್ರಕರ್ತರ ಸಂಘಗಳು ಸುದ್ದಿ ಬರವಣಿಗೆಯ ಕಾರ್ಯಾಗಾರ ನಡೆಸುವಂತೆ ಇದಕ್ಕೂ ಅರ್ಧ ದಿನ ಕೊಡಲಿ. ವೆಬ್‌ಸೈಟ್ ಮಾಡಿಕೊಡುವ ಹುಡುಗರನ್ನು ನಾನು ದೂರುತ್ತಿಲ್ಲ. ಒಡೆಯರು ಹೇಳದ ಮಾತನ್ನು ಅವರು ಸರಿಯಾಗಿ ಬರೆಯುವುದಾದರೂ ಹೇಗೆ?

ಬರೆಯುವವರು ಬೇರೆ, ಮಾತಿನ ಹೊಣೆ ಹೊತ್ತವರು ಬೇರೆ ಎಂಬ ವಿವೇಕ ಈ ನೆಲಕ್ಕೆ ಹೊಸದಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಬಂಡೆಯ ಮೇಲೆ ಉಳಿ ಹಿಡಿದವನು ಲಿಪಿಕಾರ. ಆ ಮಾತು ಮಾತ್ರ ಇಂದಿಗೂ ಅಶೋಕನದೇ. ಅವನ 14ನೇ ಬಂಡೆ ಶಾಸನದಲ್ಲಿ, ಲಿಪಿಕಾರನ ತಪ್ಪಿನಿಂದ ಬರಹ ಕೆಲವೆಡೆ ಅಪೂರ್ಣವಾಗಿರಬಹುದು ಎಂಬ ಅರ್ಥದ ಮಾತಿದೆ. ಆ ಶಾಸನದ ಒಂದು ಪ್ರತಿ ನಮ್ಮದೇ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ದೊಡ್ಡ ಸಾಮ್ರಾಜ್ಯದ ಒಡೆಯ ತನ್ನ ಹೆಸರಿನ ಬರಹದಲ್ಲಿ ತಪ್ಪು ನುಸುಳಬಹುದೆಂದು ಯೋಚಿಸಿದ್ದ, ಅದನ್ನು ತಾನೇ ಮುಂದಾಗಿ ಹೇಳಿದ್ದ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ತಾಣಗಳ ಒಡೆಯರಿಂದ ನಾನು ಕೇಳುವುದು ಅದಕ್ಕಿಂತ ಚಿಕ್ಕದು. ನಿಮ್ಮ ತಾಣದ ವಿಳಾಸದ ಮುಂದೆ ಆ ಕಡತದ ಹೆಸರು ಸೇರಿಸಿ ಇವತ್ತೇ ತೆರೆಯಿರಿ. ನಿಮಗೆ ಗುರುತಿಲ್ಲದ ಒಂದು ಸಾಲು ಅಲ್ಲಿ ಕಂಡರೆ, ನೀವು ಓದದೆ ಸಹಿ ಹಾಕಿದ ಪತ್ರ ಅದು, ಇವತ್ತಿಗೂ ಚಲಾವಣೆಯಲ್ಲಿದೆ.